ಕಮಲಾಪುರದ ದಾರಿಗೆ ಇಬ್ಬರು ಸಾಕ್ಷಿ

ಬ್ರಹ್ಮಪುರದ ರಘೂತ್ತಮನ ಫಜೀತಿಗೆಲ್ಲ ಮೂಲ ಒಂದು ನಿಯಮ. ಹೈದರಾಬಾದಿನ ಮ್ಯಾರಥಾನಿಗೆ ಓಟದ ಬಳಗದಿಂದ ತಮ್ಮ ಹೆಸರು ಹೋಗಬೇಕೆಂದವರು ಕಲಬುರಗಿಯಿಂದ ಕಮಲಾಪುರದ ಬಸ್‌ನಿಲ್ದಾಣದವರೆಗೆ ಗಾಡಿ ಹತ್ತದೆ ಓಡಬೇಕು. ಅದಕ್ಕೆ ದಾರಿಯಲ್ಲಿ ಕಂಡವರಿಬ್ಬರು ಸಾಕ್ಷಿ ಹೇಳಬೇಕು. ಹೋದ ವರ್ಷ ಒಬ್ಬ ಮಹಾಶಯ ಟೆಂಪೋದಲ್ಲಿ ಬಂದು, ಊರ ಮುಂದೆ ಇಳಿದು, ಮುಖಕ್ಕೆ ನೀರು ಚಿಮುಕಿಸಿಕೊಂಡು ಮೊದಲಿಗನಾಗಿದ್ದ. ಅಂದಿನಿಂದ ಬಳಗದ ಹಿರಿಯ, ನಿವೃತ್ತ ಡ್ರಿಲ್ ಮಾಸ್ತರ ಇಮಾಮುದ್ದೀನ್, ಬೆವರನ್ನು ನಂಬುವುದು ಬಿಟ್ಟಿದ್ದರು.

ನಲವತ್ತಾರರ ಗುಮಾಸ್ತ ರಘೂತ್ತಮ ಈ ಭಾನುವಾರಕ್ಕಾಗಿ ಒಂದು ವರ್ಷದಿಂದ ಭಜಿ ಮುಟ್ಟಿರಲಿಲ್ಲ. ಹೆಸರು ಬಂದೇಬರುತ್ತದೆಂದು ಕಚೇರಿಗೂ ಬಳಗಕ್ಕೂ ಪೇಢೆ ಹಂಚಿಬಿಟ್ಟಿದ್ದ.

ತಾಜಸುಲ್ತಾನಪುರ ದಾಟುವಷ್ಟರಲ್ಲಿ ಜೊತೆಯವರೆಲ್ಲ ಚಹಾದಂಗಡಿಗಳಲ್ಲಿ ಕರಗಿಹೋದರು. ಹಿಂದಿನಿಂದ ಬಂದ ಮೂರು ಗಾಲಿಯ ಟಂಟಂ ಗಕ್ಕನೆ ನಿಂತಿತು. ಅವನ ಓಣಿಗೆ ಬಾಳೆಹಣ್ಣು ತರುವ ಅಣವೀರಪ್ಪ.

"ಬಸ್ ತಪ್ತೇನ್ರಿ ಸಾಹೇಬ್ರ? ಬರ್ರಿ, ಕೂಡ್ರಿ."

"ಇಲ್ರಿ, ಓಡಾಕತ್ತೀನಿ."

"ಅದು ಕಾಣ್ತದ. ಯಾರರ ಬೆನ್ನ ಹತ್ಯಾರೇನು?"

"ಯಾರೂ ಇಲ್ರಿ. ಸುಮ್ಮ ಓಡಾಕತ್ತೀನಿ."

ಅಣವೀರಪ್ಪ ಹಿಂದೆ ನೋಡಿದ, ಮುಂದೆ ನೋಡಿದ, ಮುಖ ಗಂಟಿಕ್ಕಿಕೊಂಡು ಹೋದ.

ಮುಂದೆ ಪಕ್ಕದ ಮನೆಯ ಲಲಿತಾಬಾಯಿಯ ಕಾರು. ಕಮಲಾಪುರದ ಬೀಗರ ಮನೆಗೆ ಹೊರಟಿದ್ದರು.

"ಅಯ್ಯ ರಘು, ಹೆಂಡ್ತಿ ಕೂಡ ಜಗಳಾಗ್ಯದೇನಪಾ? ಹತ್ತು, ಹತ್ತು."

"ಬ್ಯಾಡ್ರಿ ಕಾಕು."

"ನಮ್ಮ ಕಾರಿನ್ಯಾಗ ಮುಳ್ಳದಾವೇನು?" ಕಾರಿನ ಗಾಜು ಕೆನ್ನೆಗೆ ಹೊಡೆದಂತೆ ಮೇಲೇರಿತು.

ಕಮಲಾಪುರ ಮುಟ್ಟಿದಾಗ ಅವನ ಕಾಲುಗಳು ನೆನೆದ ಅವಲಕ್ಕಿಯಾಗಿದ್ದವು. ಆದರೆ ನಿಲ್ದಾಣದಲ್ಲಿ ಹೆಸರುಗಳ ಹಾಳೆ ಹಿಡಿದ ಇಮಾಮುದ್ದೀನರ ಆಚೆಗೇ ಅಣವೀರಪ್ಪ ಕೆಂಪು ಬಾಳೆಗೊನೆ ಹೇರುತ್ತಿದ್ದ. ಲಲಿತಾಬಾಯಿ ಬೀಗಿತಿಯ ಜೊತೆ ಸಂತೆಗೆ ಬಂದಿದ್ದರು. ದೇವರೇ ಸಾಕ್ಷಿ ಕಳಿಸಿದ್ದ!

"ಇವ್ರಿಬ್ರೂ ನೋಡ್ಯಾರ್ರಿ, ಕೇಳ್ರಿ!"

"ಇವ್ರು ಓಡಿಕೋತನೇ ಬಂದ್ರೇನ್ರಿ ಬಾಯಿ?" ಇಮಾಮುದ್ದೀನ್ ಕೇಳಿದರು.

ಲಲಿತಾಬಾಯಿ ಬೀಗಿತಿಯ ಮುಖ ನೋಡಿದರು. ನೆರೆಮನೆಯವನನ್ನು ಬಿಸಿಲಲ್ಲಿ ಬಿಟ್ಟು ತಾವು ಕಾರಿನಲ್ಲಿ ಬಂದದ್ದನ್ನು ಬೀಗರೆದುರು ಹೇಳುವುದುಂಟೆ?

"ಅಯ್ಯ, ಹಂಗ ಬಿಟ್ ಬರ್ತೀವೇನ್ರಿ? ಕಾರಿನ್ಯಾಗ ಕೂಡಿಸ್ಕೊಂಡೇ ಬಂದೀವಿ."

ಊರಿನವರ ನಡುವೆ ಅಣವೀರಪ್ಪನ ಮಾನವೂ ಎದ್ದು ನಿಂತಿತು. "ನಾ ಏನ ಮನಷ್ಯಾ ಅಲ್ಲೇನ್ರಿ? ನನ್ನ ಟಂಟಂನ್ಯಾಗೂ ಬಂದಾರ!"

"ಎರಡರಾಗೂ?"

"ಮೊದಲ ನಂದ್ರಾಗ, ಆಮ್ಯಾಲ ಅವ್ರದ್ರಾಗ," ಅಣವೀರಪ್ಪ ಉದಾರವಾಗಿ ಹಂಚಿಕೊಟ್ಟ. ಲಲಿತಾಬಾಯಿ ಹೌದೆಂದು ತಲೆಯಾಡಿಸಿದರು.

ರಘೂತ್ತಮನಿಗೇ ಒಂದು ಕ್ಷಣ ಗೊಂದಲವಾಯಿತು: ಹತ್ತಿದ್ದೆನೋ ಏನೋ.

"ಹೋದ ವರ್ಸದಾಂವ ಒಂದ ಗಾಡಿ ಹತ್ತಿದ್ದ ಭಾಯಿ, ನೀವು ಎರಡು," ಎನ್ನುತ್ತ ಇಮಾಮುದ್ದೀನ್ ಹೆಸರಿನ ಮೇಲೆ ಗೀಟು ಎಳೆದರು.

"ಖರೇನೇ ಓಡೀನ್ರಿ, ದೇವರಾಣಿ!"

ಅವನ ಕಣ್ಣಲ್ಲಿ ನೀರು ಕಂಡು ಮಾಸ್ತರ ಕರಗಿದರು. "ನಿಮ್ಮ ಪೇಢೆ ತಿಂದೀನಿ, ಮನಸ್ಸು ಒಪ್ಪವಲ್ದು. ಇನ್ನೊಂದು ಮೌಕಾ ಕೊಡ್ತೀನಿ. ಹೆಂಗೂ ಗಾಡ್ಯಾಗ ಬಂದೀರಿ, ಕಾಲು ತಾಜಾ ಅದಾವ. ಈಗ ಕಲಬುರ್ಗಿಗೆ ವಾಪಸ್ ಓಡ್ರಿ. ಸಾಕ್ಷಿ ಗೀಕ್ಷಿ ಬ್ಯಾಡ, ಸ್ಕೂಟರ್ ಮ್ಯಾಲ ನಾನೇ ಹಿಂದ ಬರ್ತೀನಿ."

ಸ್ಕೂಟರು ಒಂದೇ ಒದೆತಕ್ಕೆ ಚಾಲೂ ಆಯಿತು.