ಚಪ್ಪಲಿ ಹಾಕಿಕೊಂಡು ರೊಟ್ಟಿ ಮಾಡಬೇಕಂತೆ

ನಾನು ಜಗಳಗಂಟಿಯಲ್ಲ. ಈ ಮಾತನ್ನು ಚಳ್ಳಕೆರೆಯಲ್ಲಿ ಯಾರ ಮುಂದೆ ಹೇಳಿದರೂ, "ಹೌದೌದು ಟೀಚರಮ್ಮ, ನೀವೆಲ್ಲಿ ಜಗಳ ಆಡ್ತೀರಿ" ಎಂದು ತಟ್ಟನೆ ಒಪ್ಪಿಕೊಂಡುಬಿಡುತ್ತಾರೆ. ಒಪ್ಪದಿದ್ದರೆ ಜಗಳ ತೆಗೆದೇನು ಎಂಬ ಭಯ ಅವರಿಗೆ. ಜಗಳ ಬೇರೆ, ಕೇಳುವುದು ಬೇರೆ ಎಂಬುದು ನಮ್ಮ ಜನಕ್ಕೆ ಏಕೋ ತಿಳಿಯುವುದಿಲ್ಲ. ಅಂಗಡಿಯಿಂದ ತಂದ ವಸ್ತು ಕೆಟ್ಟಿದ್ದರೆ ಕೊಂಡವರು ಕೇಳಬಾರದು, ಮಾರಿದವರು ಹೇಳಬಾರದು ಎಂಬ ಒಪ್ಪಂದವೊಂದು ಊರಿನಲ್ಲಿ ಯಾವಾಗಲೋ ಆಗಿಹೋಗಿದೆ. ನನ್ನನ್ನಂತೂ ಅದಕ್ಕೆ ರುಜು ಹಾಕಲು ಯಾರೂ ಕರೆದಿರಲಿಲ್ಲ. ಆದರೆ ನಮ್ಮ ಯಜಮಾನರು ಎರಡೂ ಕೈಯಿಂದ ಹಾಕಿದ್ದಾರೆ. ಒಮ್ಮೆ ಅವರು ಕೊಂಡು ತಂದ ಕೊಡೆ ಬಿಚ್ಚಿಕೊಂಡಿತು, ಮತ್ತೆ ಮಡಚಿಕೊಳ್ಳಲೇ ಇಲ್ಲ. ಬಿಸಿಲೂ ಇಲ್ಲದ, ಮಳೆಯೂ ಇಲ್ಲದ ಸಂಜೆಯಲ್ಲಿ ಅದನ್ನು ತಲೆಯ ಮೇಲೆ ಹಿಡಿದುಕೊಂಡೇ ಬಜಾರಿನ ಉದ್ದಕ್ಕೂ ನಡೆದುಬಂದರು. "ವಾಪಸ್ ಕೊಟ್ಟು ಬನ್ನಿ" ಎಂದರೆ, "ಪಾಪ, ಅವನೂ ಬದುಕ್ಬೇಕಲ್ಲ" ಎಂದರು. ಆ ಕೊಡೆ ಬಾಗಿಲಲ್ಲಿ ಹಿಡಿಸದೆ ಅಂಗಳದಲ್ಲೇ ಉಳಿಯಿತು. ಅದರ ನೆರಳಲ್ಲಿ ಬೀದಿನಾಯಿಯೊಂದು ಸಂಸಾರ ಹೂಡಿತು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮದುವೆಗಳಿಲ್ಲದ ಆಷಾಢದಲ್ಲಿ ನಮ್ಮೂರಿನ ಕಲ್ಯಾಣ ಮಂಟಪಕ್ಕೆ ಟೈ ಕಟ್ಟಿದ ಯುವಕನೊಬ್ಬ ಕರೆಂಟಿನ ರೊಟ್ಟಿ ಮೆಷಿನ್ನು ತಂದು ಪ್ರದರ್ಶನಕ್ಕಿಟ್ಟ. ಕೆಳಗೊಂದು ಕಾದ ತಟ್ಟೆ, ಮೇಲೊಂದು ಕಾದ ತಟ್ಟೆ, ಮೇಲಿನದಕ್ಕೊಂದು ಹಿಡಿ. ಮೈದಾ ಹಿಟ್ಟಿನ ಉಂಡೆ ಇಟ್ಟು ಒತ್ತಿದ. ಬಟ್ಟಲಿಟ್ಟು ಕತ್ತರಿಸಿದಂಥ ರೊಟ್ಟಿ ಹೊರಬಂತು. "ಜೋಳದ ರೊಟ್ಟಿ ಆಗುತ್ತೇನಪ್ಪಾ?" ಎಂದು ನಾನೇ ಕೇಳಿದೆ. "ಜೋಳ, ಸಜ್ಜೆ, ರಾಗಿ, ನೀವು ಯಾವುದು ಕೊಟ್ಟರೆ ಅದು ಮೇಡಂ" ಎಂದ. ನಾನು ಆ ಕ್ಷಣದಲ್ಲೇ ಸೋತೆ. ಏಕೆಂದರೆ ಹುಡುಗಿಯರ ಶಾಲೆಯಲ್ಲಿ ವರ್ಷಗಟ್ಟಲೆ ಭೂಗೋಳ ಪಾಠ ಮಾಡಿದ ಕೈ ನನ್ನದು. ತಟ್ಟಿದ ರೊಟ್ಟಿಯಲ್ಲಿ ಒಂದಲ್ಲ ಒಂದು ಖಂಡದ ಕರಾವಳಿ ಮೂಡಿಬಿಡುತ್ತದೆ. "ಬಿರುಕು ಬಿಡದಂಗೆ ನೀನೊಂದು ರೊಟ್ಟಿ ತಟ್ಟಿದ್ದು ನೋಡ್ಬೇಕು ಅಂತ್ಲೇ ಜೀವ ಹಿಡ್ಕಂಡಿದೀನಿ ಕಣಮ್ಮ" ಎಂದು ನಮ್ಮತ್ತೆ ಹೇಳುತ್ತಿದ್ದರು. ಆ ಲೆಕ್ಕದಲ್ಲಿ ಅವರಿಗೆ ದೀರ್ಘಾಯುಷ್ಯ ಕೊಟ್ಟವಳು ನಾನೇ.

ನಾನೊಬ್ಬಳೇ ಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಬೀದಿಯ ಅರ್ಧ ಜನ ಕೊಂಡರು. ಅದೇ ಯುವಕ ಮೊಳಕಾಲ್ಮೂರಿಗೂ ಹೋಗಿ, ಮಗ್ಗದ ಮನೆಯ ನಮ್ಮಕ್ಕನಿಗೂ ಅವಳ ನೆರೆಹೊರೆಯವರಿಗೂ ಮಾರಿದ. ನಮ್ಮ ಹಿಂದಿನ ಸಾಲಿನ ತಿಪ್ಪಮ್ಮನೂ ಕೊಂಡಳು. ದೊಡ್ಡಉಳ್ಳಾರ್ತಿ ಕಡೆಯವಳು, ಎಣ್ಣೆ ಮಿಲ್ಲಿನಲ್ಲಿ ಕಡಲೆಕಾಯಿ ಕೇರಿ ಬೀಜ ಆರಿಸುವ ಕೆಲಸ. ದಿನವಿಡೀ ಧೂಳು ಕುಡಿದು ಬಂದು ಮತ್ತೆ ಒಲೆಯ ಹೊಗೆ ಕುಡಿಯುವುದು ತಪ್ಪುತ್ತದೆ ಎಂಬುದು ಅವಳ ಆಸೆ.

ಮೊದಲ ದಿನ ಜೋಳದ ಹಿಟ್ಟು ಎರಡೂ ತಟ್ಟೆಗೆ ಸಮಪಾಲಾಗಿ ಅಂಟಿತು. ಎರಡನೆಯ ವಾರ ಹಿಡಿ ಮುಟ್ಟಿದರೆ ಮೊಣಕೈವರೆಗೆ ಜುಮ್ಮೆನ್ನತೊಡಗಿತು. "ಹೊಸದಲ್ವೇನೇ, ಬಳಸ್ತಾ ಬಳಸ್ತಾ ಸರಿಹೋಗ್ತೈತೆ" ಎಂದರು ಯಜಮಾನರು, ಅದು ಕಚ್ಚುವ ಹೊಸ ಚಪ್ಪಲಿಯೋ ಎಂಬಂತೆ. ಅಷ್ಟರಲ್ಲಿ ಮೊಳಕಾಲ್ಮೂರಿನಿಂದ ಅಕ್ಕನ ಫೋನು. "ಪಕ್ಕದ ಮನೆಯಾಕಿ, 'ಅಮ್ಮೋ, ಷಾಕ್ ಕೊಟ್ಟಿಂದಮ್ಮಾ!' ಅಂತ ತೆಲುಗಲ್ಲಿ ಕಿರುಚ್ಕಂಡು ಬೀದಿಗೆ ಓಡಿಬಂದ್ಲು ಕಣೇ. ನಮ್ಮನೇದೂ ಹಂಗೇ ಹೊಡೀತೈತೆ. ನಿಮ್ಮನೇದು ಹೆಂಗೈತೆ?" ಎಂದು ಕೇಳಿದಳು. ಅಕ್ಕತಂಗಿಯರು ಮಕ್ಕಳ ಯೋಗಕ್ಷೇಮ ಬಿಟ್ಟು ಮೆಷಿನ್ನಿನ ಯೋಗಕ್ಷೇಮ ವಿಚಾರಿಸಿಕೊಂಡು ನಕ್ಕೆವು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ಸಂಜೆ ಹಿಡಿ ತಿಪ್ಪಮ್ಮನ ಕೈಯನ್ನು ಕಚ್ಚಿಕೊಂಡುಬಿಟ್ಟಿತು. ಬಿಡಿಸಿಕೊಳ್ಳಲು ಅವಳಿಗೆ ಆಗಲಿಲ್ಲ. ಸೊಸೆ ಓಡಿಬಂದು ಸ್ವಿಚ್ಚು ಆರಿಸಿದ್ದರಿಂದ ಜೀವ ಉಳಿಯಿತು. ಬಲಗೈಯ ಅಂಗೈ ಸುಟ್ಟುಹೋಗಿತ್ತು. ಬೀಜ ಆರಿಸುವ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಅವಳು ಕಟ್ಟೆಯ ಮೇಲೆ ಕೂತಿದ್ದುದನ್ನು ನೋಡಿದ ನಾನು ಮನೆಯೊಳಕ್ಕೆ ಹೋಗಲಿಲ್ಲ. ನೇರವಾಗಿ, ಆ ಯುವಕನ ಕೈಯಲ್ಲಿ ಮೆಷಿನ್ನು ಮಾರಿಸಿದ್ದ ಬಜಾರಿನ ಅಂಗಡಿಗೆ ಹೋದೆ.

ಅಂಗಡಿಯವರು ಬಹಳ ಮರ್ಯಾದಸ್ಥರು. ಕುರ್ಚಿ ಹಾಕಿಸಿದರು, ಟೀ ತರಿಸಿದರು, ಆಮೇಲೆ ತಪ್ಪೆಲ್ಲ ನಮ್ಮದೇ ಎಂದರು. "ಮೆಷಿನ್ ಫಸ್ಟ್ ಕ್ಲಾಸ್ ಐತೆ ಮೇಡಂ. ನಿಮ್ ಏರಿಯಾ ವೋಲ್ಟೇಜ್ ಸರಿ ಇಲ್ಲ. ಜತೆಗೆ ಆಯಮ್ಮ ಬರಿಗಾಲಲ್ಲಿ ಕುಂತಿದ್ಲಂತೆ. ಬುಕ್ಕಲ್ಲಿ ಬರೆದೈತಲ್ಲ, ರಬ್ಬರ್ ಚಪ್ಪಲಿ ಹಾಕ್ಕಬೇಕು ಅಂತ." ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಹಾಗೆ ಬರೆದದ್ದು ನಿಜವೇ ಆಗಿತ್ತು. ಟೀ ಅಲ್ಲೇ ಬಿಟ್ಟು ಎದ್ದು ಬಂದೆ.

ತಿಪ್ಪಮ್ಮನೇ ನನಗೆ ಸಮಾಧಾನ ಹೇಳಿದಳು. "ಬಿಡ್ರಿ ಟೀಚರಮ್ಮ. ಕಂಪನಿಯೋರು ಅಂದ್ರೆ ದೊಡ್ಡೋರು. ನಮ್ ಮಾತು ಯಾರು ಕೇಳ್ತಾರೆ?"

"ಒಬ್ರು ಹೇಳಿದ್ರೆ ಕೇಳಲ್ಲ. ಎಲ್ಲರೂ ಒಟ್ಟಿಗೆ ಹೇಳಿದ್ರೆ?" ಎಂದೆ. ಒಂದೇ ತೊಂದರೆ ಹಲವರಿಗೆ ಆಗಿದ್ದರೆ ಎಲ್ಲರ ಪರವಾಗಿ ಒಬ್ಬರು ಗ್ರಾಹಕರ ವೇದಿಕೆಗೆ ದೂರು ಕೊಡಬಹುದು, ವಕೀಲರೂ ಬೇಕಿಲ್ಲ ಎಂದು ರೇಡಿಯೋದಲ್ಲಿ ಕೇಳಿದ್ದೆ. ಯಜಮಾನರು ಊಟದ ತಟ್ಟೆಯ ಮುಂದೆ ಗಾಬರಿಯಾದರು. "ಕೋರ್ಟು ಕಚೇರಿ ಅಂತ ಹೋದ್ರೆ ಮನೆ ಮಾರ್ಬೇಕಾಗ್ತೈತೆ ಕಣೇ."

"ಮಾರೋಣ, ರೊಟ್ಟಿ ಮೆಷಿನ್ ಸಮೇತ. ಆಗ ಕೊಂಡೋರು ನಮ್ಮ ಮೇಲೆ ಕೇಸ್ ಹಾಕ್ತಾರೆ" ಎಂದೆ. ಅವರು ಮಜ್ಜಿಗೆ ಕೇಳಿದರು. ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಎಂದರ್ಥ.

ದೂರು ಬರೆದುಕೊಂಡು ಜಿಲ್ಲಾ ಕೇಂದ್ರದ ವೇದಿಕೆಗೆ ಹೋದೆ. ಎಲ್ಲರ ಪರವಾಗಿ ನಡೆಸಲು ಅವರು ಅನುಮತಿ ಕೊಟ್ಟರು; ಇಂಥ ಮೆಷಿನ್ನು ಕೊಂಡವರು ಯಾರಾದರೂ ಸೇರಬಹುದು ಎಂದು ಪತ್ರಿಕೆಯಲ್ಲಿ ಪ್ರಕಟಣೆಯೂ ಬಂತು. ವಿಚಾರಣೆಯ ದಿನ ಬೆಳಿಗ್ಗೆ ಚಳ್ಳಕೆರೆ ಬಸ್ ನಿಲ್ದಾಣ ನೋಡಬೇಕಿತ್ತು. ಬಿ.ಜಿ. ಕೆರೆಯಿಂದ, ಮೊಳಕಾಲ್ಮೂರಿನಿಂದ ಹೆಂಗಸರು ಮೆಷಿನ್ನುಗಳನ್ನು ವೈರಿನ ಬುಟ್ಟಿಯಲ್ಲಿ, ಹಳೆ ಸೀರೆಯ ಗಂಟಿನಲ್ಲಿ ಹೊತ್ತು ಇಳಿದರು. ನಮ್ಮಕ್ಕ ತನ್ನದನ್ನು ಕಂಬಳಿಯಲ್ಲಿ ಸುತ್ತಿ ಕೂಸಿನಂತೆ ಎತ್ತಿಕೊಂಡಿದ್ದಳು. "ಏನಮ್ಮಾ ಇವೆಲ್ಲ? ಲಗೇಜ್ ಹಾಕ್ಬೇಕಾಗ್ತೈತೆ" ಎಂದ ಜಿಲ್ಲಾ ಕೇಂದ್ರದ ಬಸ್ಸಿನ ಕಂಡಕ್ಟರ್. "ಮುಟ್ಟಿ ನೋಡಪ್ಪ, ಷಾಕ್ ಹೊಡೀತೈತೆ" ಎಂದಳು ಅಕ್ಕ. ಕರೆಂಟಿಲ್ಲದೆ ಷಾಕ್ ಹೊಡೆಯುವುದಿಲ್ಲ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಎಲ್ಲರೂ ಹತ್ತಿ ಕೂತಾಗಿತ್ತು.

ಕಂಪನಿಯ ಪರವಾಗಿ ಬೆಂಗಳೂರಿನಿಂದ ವಕೀಲರೊಬ್ಬರು ಬಂದಿದ್ದರು. ಎಲ್ಲೋ ಒಂದೆರಡು ಪೀಸು ಕೆಟ್ಟಿರಬಹುದು ಎಂದು ಅವರು ಶುರು ಮಾಡಿದರು. ವೇದಿಕೆಯ ಅಧ್ಯಕ್ಷರು, ತಲೆ ಪೂರ್ತಿ ಬೆಳ್ಳಗಾದ ಹಿರಿಯರು, ಕನ್ನಡಕ ಸರಿಮಾಡಿಕೊಂಡು ಬಾಗಿಲಾಚೆ ಜಗಲಿಯ ಉದ್ದಕ್ಕೂ ಸಾಲಾಗಿ ಕೂತ ಮೆಷಿನ್ನುಗಳನ್ನು ನೋಡಿದರು. ವಕೀಲರೂ ನೋಡಿದರು, ನೋಡಿ ಮಾತು ಬದಲಿಸಿದರು. ಮೆಷಿನ್ನಿನದೇನೂ ದೋಷವಿಲ್ಲ, ಬಳಸಿದವರು ಸೂಚನೆ ಪಾಲಿಸಿಲ್ಲ, ರಬ್ಬರ್ ಪಾದರಕ್ಷೆ ಧರಿಸಿಲ್ಲ ಎಂದರು.

ಹಿಂದಿನ ಬೆಂಚಿನಿಂದ ತಿಪ್ಪಮ್ಮ ಎದ್ದು ನಿಂತಳು. ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಬಿಡ್ರಿ ಎಂದಿದ್ದ ತಿಪ್ಪಮ್ಮ ಇವಳೇನಾ ಎನ್ನಿಸಿತು.

"ಸ್ವಾಮೇರಾ, ಒಂದ್ ಮಾತು. ಮನೆ ದೇವ್ರ ಪಕ್ದಾಗೇ ನಮ್ ಒಲೆ ಐತೆ. ಅಲ್ಲಿ ಚಪ್ಲಿ ಹಾಕ್ಕಂಡು ಕುಂತು ರೊಟ್ಟಿ ಮಾಡಾಕಾಗ್ತೈತೇನ್ರಿ? ಆಯಪ್ಪ ಮಾರೋವಾಗ, 'ಚಪ್ಲಿ ಮೆಟ್ಕಂಡು ರೊಟ್ಟಿ ಮಾಡ್ರಮ್ಮ' ಅಂದಿದ್ರೆ ನಾನ್ಯಾಕೆ ತಗಂತಿದ್ದೆ? ಆಗ ಸುಮ್ಕಿದ್ದು ಈಗ ಹೇಳ್ತಾರಲ್ಲ, ಇದು ನ್ಯಾಯನಾ?"

ಅಧ್ಯಕ್ಷರು ವಕೀಲರ ಕಡೆ ತಿರುಗಿದರು. "ನಿಮ್ಮ ಮನೆಯಲ್ಲಿ ತಾಯಿಯವರು ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಹೋಗುತ್ತಾರೆಯೇ?" ವಕೀಲರು ಕಡತ ತಿರುವಿ ಹಾಕಿದರು.

ನನಗಿನ್ನು ತಡೆಯಲಾಗಲಿಲ್ಲ. ನಮ್ಮ ಮನೆಯ ಮೆಷಿನ್ನನ್ನು ಮೇಜಿನ ಮೇಲಿಟ್ಟು, "ವಕೀಲರೇ, ನೀವು ಬೂಟು ಹಾಕಿದ್ದೀರಿ. ಕರೆಂಟು ಕೊಡಿಸುತ್ತೇನೆ, ಹಿಡಿ ಹಿಡಿದುಕೊಳ್ಳಿ" ಎಂದೆ. ಅವರ ಎರಡೂ ಕೈ ಬೆನ್ನ ಹಿಂದೆ ಹೋದವು. "ಇಲ್ಲಿ ಅದೆಲ್ಲ ಬೇಡಮ್ಮ" ಎಂದು ಅಧ್ಯಕ್ಷರು ನಗು ನುಂಗಿ ಗದರಿದರು. ನಮ್ಮ ಮೆಷಿನ್ನಿಗೆ ಅರಗಿನ ಮುದ್ರೆ ಹಾಕಿಸಿ ಪರೀಕ್ಷೆಗೆ ಕಳಿಸಿದರು. ಒಳಗಿನ ವೈರಿನ ಹೊದಿಕೆ ಬಿಸಿಗೆ ಕರಗಿ ವೈರು ತಟ್ಟೆಗೆ ತಾಗುತ್ತದೆ, ಹಿಡಿಗೂ ಕರೆಂಟು ಹರಿಯುತ್ತದೆ, ಎಲ್ಲ ಮೆಷಿನ್ನುಗಳೂ ಇದೇ ವೈರಿನವು ಎಂದು ವರದಿ ಬಂತು.

ಗೆದ್ದೆವು. ಮೆಷಿನ್ನು ಹಿಂದಕ್ಕೆ ತೆಗೆದುಕೊಂಡು ಎಲ್ಲರಿಗೂ ಹಣ ಕೊಡಬೇಕು, ತಿಪ್ಪಮ್ಮನಿಗೆ ಚಿಕಿತ್ಸೆಯ ಖರ್ಚು, ಕೆಲಸವಿಲ್ಲದೆ ಕೂತ ದಿನಗಳ ಪರಿಹಾರ ಎಲ್ಲ ಕೊಡಬೇಕು ಎಂದು ಆದೇಶವಾಯಿತು. ತಿಪ್ಪಮ್ಮ ಅಂಗಡಿಗೆ ಹೋಗಿ ಮೆಷಿನ್ನನ್ನು ಮೇಜಿನ ಮೇಲೆ ಧಡಕ್ಕನೆ ಇಟ್ಟಳಂತೆ. "ಟೀ ಕುಡೀರಮ್ಮ" ಎಂದರಂತೆ ಅಂಗಡಿಯವರು. "ಮೊದ್ಲು ಲೆಕ್ಕ ಚುಕ್ತಾ ಮಾಡ್ರಿ, ಆಮೇಲೆ ಕುಡಿತೀನಿ" ಎಂದು ನಿಂತೇ ಇದ್ದು, ತೆಗೆದುಕೊಂಡ ಮೇಲೆ ಟೀಯನ್ನೂ ಕುಡಿದು ಬಂದಳು. ಇದನ್ನು ಕೇಳಿದ ದಿನ ನನಗಾದ ಸಂತೋಷ ಯಾವ ಹುಡುಗಿಗೆ ರ‍್ಯಾಂಕು ಬಂದಾಗಲೂ ಆಗಿರಲಿಲ್ಲ.

ಎಲ್ಲರದೂ ಮುಗಿದ ಮೇಲೆ ನಾನೂ ಅಂಗಡಿಗೆ ಹೋದೆ. "ಆದೇಶದ ಪ್ರಕಾರ ಮೆಷಿನ್ ತಂದ್ರೆ ದುಡ್ಡು ಮೇಡಂ. ನಿಮ್ದೆಲ್ಲೈತೆ?" ಎಂದು ಅಂಗಡಿಯವರು ಅತ್ಯಂತ ಮರ್ಯಾದೆಯಿಂದ ಕೇಳಿದರು. ನನ್ನದು ಪರೀಕ್ಷೆ ಮುಗಿಸಿಕೊಂಡು ಬಂದು ವೇದಿಕೆಯ ಬೀರುವಿನಲ್ಲಿತ್ತು. ಶಾಲೆಗೆ ರಜೆ ಹಾಕಿ ಬಸ್ಸು ಹತ್ತಿದೆ. ಅಲ್ಲಿನ ಗುಮಾಸ್ತರು ನನ್ನನ್ನು ಗುರುತಿಸಿ ಎದ್ದು ನಿಂತರು. ಅಪೀಲಿನ ಅವಧಿ ಮುಗಿಯುವವರೆಗೆ ಸಾಕ್ಷ್ಯದ ವಸ್ತುವನ್ನು ಕೊಡಲು ಬರುವುದಿಲ್ಲ ಎಂದರು. ಬೇಕಾದರೆ ನೋಡಿ ಹೋಗಿ ಎಂದು ಬೀರು ತೆರೆದರು. ಕೆಂಪು ಅರಗು ಬಳಿದುಕೊಂಡು, ಕೊರಳಿಗೆ ನನ್ನದೇ ಹೆಸರಿನ ಚೀಟಿ ಕಟ್ಟಿಸಿಕೊಂಡು ಅದು ಹಾಯಾಗಿ ಕೂತಿತ್ತು. ನಾನು ಕೈ ಚಾಚಿದ್ದೇ ತಡ, ಗುಮಾಸ್ತರು ಅಡ್ಡ ಬಂದರು.

"ನೋಡಬಹುದು ಮೇಡಂ, ಮುಟ್ಟೋ ಹಾಗಿಲ್ಲ."

ಅದನ್ನು ಮುಟ್ಟುವ ಹಾಗಿಲ್ಲ ಎಂದು ಸಾಬೀತು ಮಾಡಲಿಕ್ಕೇ ಅಲ್ಲವೇ ನಾನು ಇಷ್ಟೆಲ್ಲ ಓಡಾಡಿದ್ದು! ಜಗಳ ತೆಗೆಯದೆ ವಾಪಸ್ ಬಂದೆ.