ಗಾಜಿಗೆ ಮರಳುವಂತೆ ಸೋಪಿನ ಜಿಡ್ಡಿಗೆ ಮನವಿ

ನಮ್ಮ ಬಚ್ಚಲಿನಲ್ಲಿ ಸ್ನಾನದ ಟಬ್ಬಿಗಿರುವ ಗಾಜಿನ ಬಾಗಿಲ ಮೇಲೆ ಬಹುಕಾಲದಿಂದ ನೆಲೆಸಿರುವ ಸೋಪಿನ ಜಿಡ್ಡಿನವರ ಸನ್ನಿಧಿಗೆ,

ಮಾನ್ಯರೇ,

ಗಡಸು ನೀರಿನ ಸುಣ್ಣದಂಶ ಮತ್ತು ಮನೆಮಂದಿಯ ನೊರೆಯಿಂದ ಜನ್ಮತಾಳಿ, ಸಂಬಳ ಸಾರಿಗೆ ಯಾವುದನ್ನೂ ಕೇಳದೆ ಪಾರದರ್ಶಕ ಗಾಜನ್ನು ಹಾಲುಬಣ್ಣಕ್ಕೆ ತಂದ ತಮಗೆ ಗೌರವಪೂರ್ವಕ ವಂದನೆಗಳು. ತಮ್ಮ ಮರೆಯಿಂದಾಗಿಯೇ ಒಳಗೆ ಒಬ್ಬರು ಸ್ನಾನ ಮಾಡುವಾಗ ಹೊರಗಿನ ಬೇಸಿನ್ನಿನಲ್ಲಿ ಇನ್ನೊಬ್ಬರು ನಿಶ್ಚಿಂತೆಯಿಂದ ಹಲ್ಲುಜ್ಜುತ್ತಿದ್ದರೆಂಬ ಸತ್ಯವನ್ನು ನಾನು ತಡವಾಗಿ ಅರಿತೆ.

ಕಳೆದ ಭಾನುವಾರ ತಮ್ಮನ್ನು ತೆರವುಗೊಳಿಸಲು ಹೊರಟ ನಾನು, ಯಾವುದೇ ದ್ರಾವಣವನ್ನು ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸತಕ್ಕದ್ದೆಂಬ ವೃತ್ತಿಶಿಸ್ತಿಗೆ ಬದ್ಧನಾಗಿ, ಬಾಗಿಲ ನಟ್ಟನಡುವೆ ಟೇಪು ಹಚ್ಚಿ ಚೌಕವೊಂದನ್ನು ಗುರುತಿಸಿ, ಬಿಸಿ ವಿನೆಗರ್ ಬಳಿದು, ನೆನೆಯಬಿಟ್ಟು, ಅಡುಗೆ ಸೋಡಾದಿಂದ ಮೆತ್ತಗೆ ಉಜ್ಜಿದೆ. ಪರೀಕ್ಷೆ ಸಂಪೂರ್ಣ ಯಶಸ್ವಿಯಾಯಿತು. ಬಂದ ತೊಂದರೆಯೂ ಅದೇ. ಆ ಚೌಕ ನನ್ನ ಮಾವನವರ ಹೊಟ್ಟೆಯ ಎತ್ತರಕ್ಕೆ ಕರಾರುವಾಕ್ಕಾಗಿ ಹೊಂದಿಕೊಂಡಿದೆ.

ಅಂದಿನಿಂದ ಮಾವನವರು ಸ್ನಾನವನ್ನೇ ತ್ಯಜಿಸಿದ್ದಾರೆ. ‘ಅಳಿಯಂದ್ರೇ, ನನ್ನನ್ನ ಟಿವಿಯಲ್ಲಿ ತೋರಿಸೋ ಆಸೆ ಇದ್ರೆ ಮೊದಲೇ ಹೇಳ್ಬಾರದಿತ್ತಾ’ ಎಂಬುದು ಅವರ ಅಧಿಕೃತ ಹೇಳಿಕೆ. ಸೋಮವಾರದೊಳಗೆ ಮರೆ ಸಿಗದಿದ್ದರೆ, ಜನ್ಮದಲ್ಲಿ ಏನನ್ನೂ ಉಜ್ಜದ ಹಿರಿಯ ಅಳಿಯನ ಮನೆಗೇ ಹೊರಟುಹೋಗುವುದಾಗಿ ಸಾರಿದ್ದಾರೆ. ಮಗಳು ಊಟದ ಮೇಜಿನಲ್ಲಿ ತಾತನಿಂದ ಎರಡು ಕುರ್ಚಿ ಆಚೆ ಸರಿದಿದ್ದಾಳೆ. ಉಳಿದ ಗಾಜನ್ನೂ ಉಜ್ಜಿಬಿಡಲೇ ಎಂದು ನಾನು ಕೇಳಿದ್ದಕ್ಕೆ, ‘ಕಿಟಕಿ ಇಟ್ಟಿದ್ದು ಸಾಲದೇನ್ರೀ, ಗೋಡೆನೇ ಕೆಡವಬೇಕಾ’ ಎಂದು ಪತ್ನಿ ಬ್ರಷ್ಷನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.

ತಮ್ಮ ಪುನರಾಗಮನಕ್ಕಾಗಿ ಆ ಚೌಕಕ್ಕೆ ನಾನೇ ಕೈಯಾರೆ ಸೋಪು ಹಚ್ಚಿದೆ. ತಾವು ಜಾರಿ ಟಬ್ಬಿಗಿಳಿದಿರಿ. ಬೇಡವೆಂದಾಗ ಬಿಡದೆ ಅಂಟಿಕೊಂಡವರು ಬೇಕೆಂದಾಗ ಬಿಗುಮಾನ ತೋರುವುದು ಉಚಿತವೇ? ಆದಕಾರಣ, ನಲ್ಲಿಯ ಬುಡದಿಂದಲೋ ಟಬ್ಬಿನ ಅಂಚಿನಿಂದಲೋ ಸೇವಾನುಭವವುಳ್ಳ ಜಿಡ್ಡನ್ನು ತುರ್ತಾಗಿ ಈ ಚೌಕಕ್ಕೆ ವರ್ಗಾಯಿಸಿ, ಹಳೆಯ ದಪ್ಪಕ್ಕೇ ತುಂಬಿಕೊಡಬೇಕಾಗಿ, ಸಾಧ್ಯವಾದರೆ ಅಂಚುಗಳು ನೇರವಾಗಿ ಬರುವಂತೆ ನೋಡಿಕೊಳ್ಳಬೇಕಾಗಿ ವಿನಂತಿಸುತ್ತೇನೆ.

ತಮ್ಮನ್ನು ಕೆರೆದು ಪಶ್ಚಾತ್ತಾಪಪಡುತ್ತಿರುವ,
ತಮ್ಮ ವಿಶ್ವಾಸಿ,
ಕಿರಿಯ ಅಳಿಯ

ತಾ.ಕ.: ಮರೆಗೆಂದು ಅಂಟಿಸಿದ ಕಾಗದಗಳೆಲ್ಲ ಒದ್ದೆಯಾಗಿ ಉದುರಿದ್ದರಿಂದ, ಲ್ಯಾಮಿನೇಟ್ ಮಾಡಿಸಿದ್ದ ನನ್ನ ಇಂಜಿನಿಯರಿಂಗ್ ಪದವಿಪತ್ರವನ್ನೇ ಪತ್ನಿ ಆ ಚೌಕಕ್ಕೆ ಅಂಟಿಸಿದ್ದಾರೆ. ಮಾವನವರು ಕೂಡಲೇ ಸ್ನಾನಕ್ಕಿಳಿದು, ನಾನು ಓದಿದ್ದು ಕಡೆಗೂ ಮನೆಯ ಉಪಯೋಗಕ್ಕೆ ಬಂತೆಂದು ಒಳಗಿನಿಂದಲೇ ಕೂಗಿ ಹೇಳಿದರು. ಇಷ್ಟು ಬೇಡಿದರೂ ಗಾಜಿಗೆ ಬರಲೊಲ್ಲದ ತಾವು, ಪದವಿಪತ್ರದ ಮೇಲೆ ಮಾತ್ರ, ಅದೂ ಸರಿಯಾಗಿ ನನ್ನ ಹೆಸರಿನ ಜಾಗದಿಂದಲೇ, ಕೂರತೊಡಗಿರುವುದನ್ನು ಗಮನಿಸಿದ್ದೇನೆ.