ಪಡಸಾಲೆಯ ನೀಲಿ ದೀಪ

ಬೇರೆಯವರ ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಫಜೀತಿ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ನಡೆಯುತ್ತದೆ. ನಾವಾಗಿ ಕರೆದದ್ದಲ್ಲ, ತಾನಾಗಿ ವಿಳಾಸ ಕೇಳಿಕೊಂಡು ಬರುತ್ತದೆ.

ನಮ್ಮದು ಬೆಳಗಾವಿಯ ವಡಗಾವಿ. ಎರಡೂ ಪಕ್ಕ ಗೋಡೆ ಹಂಚಿಕೊಂಡ ಹಳೆಯ ಮನೆ. ಪಡಸಾಲೆಗೆ ಓಣಿಯ ಕಡೆಗೆ ಒಂದು ಬಾಗಿಲು, ಒಂದು ಸಣ್ಣ ಕಿಟಕಿ. ಮಾವನವರು ಐವತ್ತು ವರ್ಷ ಸೀರೆ ನೇಯ್ದವರು. ಮನೆಯವರು ಫೌಂಡ್ರಿಯಲ್ಲಿ ಸೂಪರ್‌ವೈಸರ್. ನಾನು ದಿನಾ ಬಸ್ಸು ಹಿಡಿದು ಖಾನಾಪುರಕ್ಕೆ ಹೋಗಿ ಅಲ್ಲಿಯ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಇವರ ತಮ್ಮ, ಅಂದರೆ ನನ್ನ ಮೈದುನ, ಗೋವಾದಲ್ಲಿ ನೌಕರಿ ಮಾಡುತ್ತಾನೆ. ಎರಡು ತಿಂಗಳಿಗೊಮ್ಮೆ ಲೋಂಡಾ ಮೇಲಿನ ರೈಲಿನಲ್ಲಿ ಬಂದು ಮಧ್ಯಾಹ್ನದ ಊಟ ಮಾಡಿ ಹೋಗುತ್ತಾನೆ. ವಯಸ್ಸು ಮೂವತ್ತಾರು. ಅವನಿಗೆ ಹೆಣ್ಣು ಹುಡುಕುವುದೇ ನಮ್ಮೆಲ್ಲರ ದೊಡ್ಡ ಉದ್ಯೋಗ. ಮೂರು ಸಂಬಂಧ ಮಾತುಕತೆಯವರೆಗೆ ಬಂದು ಮುರಿದಿದ್ದವು. ನಾಲ್ಕನೆಯದಾದರೂ ಕೂಡಿಬರಲಿ ಎಂದು ಅತ್ತೆ ಸೋಮವಾರದ ಉಪವಾಸ ಹಿಡಿದಿದ್ದರು. ಸರಿಯಾಗಿ ಅದೇ ಹೊತ್ತಿಗೆ ಇವರು ಪಡಸಾಲೆಗೆ ಸಮುದ್ರ ತಂದರು.

೧. ಬೋರ್ಡಿಲ್ಲದ ಅಂಗಡಿ

ಸಮುದ್ರ ಅಂದರೆ ಮೂರಡಿ ಉದ್ದದ ಗಾಜಿನ ಟ್ಯಾಂಕು. ಒಳಗೆ ಪ್ಯಾಕೆಟ್ಟಿನ ಉಪ್ಪು ಕರಗಿಸಿದ ನೀರು, ಎರಡು ಕಿತ್ತಳೆ ಬಣ್ಣದ ಮೀನು, ಅಂಗೈ ಅಗಲದ ನಾಲ್ಕಾರು ಹವಳ. ಜೀವ ಇರುವ ಹವಳ. ಬೆಳಕು ಬಿದ್ದರೆ ಹೂವಿನ ಹಾಗೆ ಅರಳುತ್ತದೆ. ಮೇಲೊಂದು ದೀಪ. ಅದರಲ್ಲಿ ನೀಲಿಯೂ ಇದೆ, ಬಿಳಿಯೂ ಇದೆ, ಮೊಬೈಲಿನಿಂದ ಬೇಕಾದದ್ದನ್ನು ಹಚ್ಚಬಹುದು. ಹವಳಕ್ಕೆ ನೀಲಿಯೇ ಊಟ, ಬಿಳಿ ಹೆಚ್ಚಾದರೆ ಪಾಚಿ ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಇವರು ನೀಲಿ ಹಚ್ಚಿದರು. ಪಡಸಾಲೆಯ ಟ್ಯೂಬ್‌ಲೈಟೂ ಬಿಳಿಯೇ ಅಲ್ಲವೇ ಎಂದು ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು. ದಿನವಿಡೀ ಕರಗಿದ ಕಬ್ಬಿಣದ ಮುಂದೆ ನಿಲ್ಲುವ ಮನುಷ್ಯ, ಸಂಜೆ ಕಣ್ಣಿಗೆ ತಂಪಾಗಲಿ ಎಂದು ನಾನೂ ಸುಮ್ಮನಿದ್ದೆ.

ಮೂರನೆಯ ಸಂಜೆ ಮಗ್ಗದ ಕೆಲಸ ಮುಗಿಸಿದ ಇಬ್ಬರು ಚಪ್ಪಲಿ ಹೊರಗೆ ಬಿಟ್ಟು ನೇರ ಒಳಗೆ ಬಂದು ದಿವಾನದ ಮೇಲೆ ಕುಳಿತರು. ಮಾವನವರ ಪರಿಚಯದವರಿರಬೇಕು ಎಂದು ನೀರು ಕೊಟ್ಟೆ. ಒಬ್ಬ ನೀರು ಕುಡಿದು, ಮುಖ ಒರೆಸಿಕೊಂಡು, ಮೇಲೆ ಬೇರೆ ರೂಮು ಇದೆಯೋ ಅಥವಾ ಎಲ್ಲರೂ ಇಲ್ಲೇ ಕೂತು ಕುಡಿಯಬೇಕೋ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ. ಇದು ಸಂಸಾರಸ್ಥರ ಮನೆ ಎಂದೆ. ಆತ ನಾಚಿಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತು ಆ ನೀಲಿ ಬೆಳಕನ್ನು ಇನ್ನೊಮ್ಮೆ ನೋಡಿ, ನನಗೇ ಬುದ್ಧಿ ಹೇಳಿದ. "ಹಂಗಾರ ಹೊರಗೊಂದು ಬೋರ್ಡ್ ಹಾಕ್ರಿ ಅಕ್ಕಾರ, ಮನಿ ಅಂತ."

ವಾರದೊಳಗೆ ಸುದ್ದಿ ಸಂಬಂಧ ಹುಡುಕಿಕೊಡುವವರ ಕಿವಿಗೂ ಬಿತ್ತು. ಅವರು ಅತ್ತೆಗೆ ಫೋನು ಮಾಡಿ ಕ್ಷೇಮ ಸಮಾಚಾರ ಕೇಳಿದ ಮೇಲೆ, ಹುಡುಗನ ಅಣ್ಣ ಹಾಕಿರುವ ಬಾರಿನ ಲೈಸೆನ್ಸು ಯಾರ ಹೆಸರಿನಲ್ಲಿದೆ ಎಂದರಂತೆ. ನಾನು ಬಿಳಿ ದೀಪದ ಪಕ್ಷ ಸೇರಿದ್ದು ಅಂದು.

೨. ಸಂಕ್ರಾಂತಿಯ ಕರಿ ಸೀರೆ

ನಮ್ಮ ಓಣಿಯ ಮರಾಠಿ ಮನೆಗಳಲ್ಲಿ ಹೊಸ ಸೊಸೆಗೆ ಸಂಕ್ರಾಂತಿಗೆ ಕರಿ ಸೀರೆ ಉಡಿಸಲೇಬೇಕು. ಹಬ್ಬದ ಹಿಂದಿನ ಸಂಜೆ ಎದುರು ಮನೆಯ ಮರಾಠಿ ಚಿಕ್ಕಮ್ಮ, ನಮಗೆಲ್ಲ ಕಾಕು, ತಮ್ಮ ಸೊಸೆಗೆ ಸೀರೆ ಬೇಕೆಂದು ಓಡುತ್ತ ಬಂದರು. ಮಾವನವರು ಮಗ್ಗ ನಿಲ್ಲಿಸಿದ್ದರೂ ತಾವು ನೇಯ್ದ ಹತ್ತು ಹನ್ನೆರಡು ಸೀರೆಗಳನ್ನು ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ. ಬಣ್ಣದ ವಿಷಯದಲ್ಲಿ ಓಣಿಗೆಲ್ಲ ಅವರ ಮಾತೇ ಕೊನೆ. ನೂಲನ್ನು ಬಾಗಿಲಿಗೆ ಒಯ್ದು ಹಗಲ ಬೆಳಕಿನಲ್ಲಿ ಹಿಡಿಯದೆ ಅವರು ಎಂದೂ ಬಣ್ಣ ಹೇಳಿದವರಲ್ಲ. ಆದರೆ ಅಂದು ಹೊತ್ತು ಮುಳುಗಿತ್ತು, ಕಾಕುಗೆ ಅವಸರ. ಟ್ಯಾಂಕಿನ ಬೆಳಕಿನಲ್ಲೇ ಒಂದನ್ನು ಬಿಚ್ಚಿದರು. ಇದ್ದಿಲಿನಂಥ ಕಪ್ಪು. ಇಂಥ ಕಪ್ಪು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಹೊಗಳಿ ಕಾಕು ಒಯ್ದರು.

ಮರುದಿನ ಬೆಳಿಗ್ಗೆ ಎಳ್ಳುಬೆಲ್ಲ ಕೊಡಲು ಬರಬೇಕಾದವರು ಸೀರೆ ಹಿಡಿದುಕೊಂಡು ಬಂದರು. ಬಾಗಿಲಲ್ಲಿ ಬಿಡಿಸಿದರೆ ಕುಂಕುಮದ ಕೆಂಪು. ನೀಲಿ ಬೆಳಕಿನಲ್ಲಿ ಕೆಂಪೆಲ್ಲ ಕಪ್ಪಾಗಿ ಕಾಣುತ್ತದೆ ಎಂದು ಯಾರಿಗೆ ಗೊತ್ತು? ಮಾವನವರು ಸೆರಗಿನ ತುದಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. ಐವತ್ತು ವರ್ಷದಲ್ಲಿ ಮೊದಲ ಸಲ ಅವರ ಬಣ್ಣ ತಪ್ಪಿತ್ತು. ನನಗೆ ನಿಜವಾಗಿ ಸಂಕಟವಾಯಿತು.

ಅಷ್ಟರಲ್ಲಿ ಇವರು ಒಳಗಿನಿಂದ ಬಂದರು. ಸೀರೆ ನೋಡಿದರು, ಟ್ಯಾಂಕು ನೋಡಿದರು, ತಂದೆಯ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು: "ಸೀರಿ ಕರೀದ ಐತೆಪ್ಪಾ, ಹೊರಗಿನ ಬಿಸಲ ಬರೋಬರಿ ಇಲ್ಲ."

೩. ಹೆಡ್‌ಮಾಸ್ತರರ ಹವಳ

ಆ ಮಾತಿನಿಂದ ಮಾವನವರೂ ನನ್ನ ಪಕ್ಷಕ್ಕೆ ಬಂದರು. ಅತ್ತೆ ಮೊದಲೇ ಬಂದಾಗಿತ್ತು. ಮೂರು ಮತ ಬಿದ್ದ ಮೇಲೆ ಇವರು ಬಾಯಿ ಮುಚ್ಚಿಕೊಂಡು ಬಿಳಿ ಹಚ್ಚಿದರು. ಅದೇ ಸಮಯಕ್ಕೆ ನಾಲ್ಕನೆಯ ಸಂಬಂಧ ಬಂತು, ಖಾನಾಪುರದ್ದು. ನಾವು ಹೋಗಿ ನೋಡಿ ಬಂದೆವು. ಹುಡುಗ ಹುಡುಗಿ ಒಪ್ಪಿದರು. ಇನ್ನು ಅವರ ಕಡೆಯ ಹಿರಿಯರು ಬಂದು ನಮ್ಮ ಮನೆ ನೋಡುವುದೊಂದು ಬಾಕಿ.

ಇತ್ತ ಹದಿನೈದು ದಿನದಲ್ಲಿ ಹವಳ ಮುದುಡಿ ಕಂದಾಯಿತು, ಗಾಜು ಪೂರಾ ಹಸಿರಾಯಿತು. ಶಾಲೆಯಲ್ಲಿ ವಿಜ್ಞಾನದ ಮಾಸ್ತರರನ್ನು ಕೇಳಿದೆ. ಅವರು ಬೋರ್ಡಿನ ಮೇಲೆ ಸಮುದ್ರವನ್ನೇ ಬರೆದರು. ಕೆಂಪು ಬೆಳಕನ್ನು ನೀರು ಮೇಲೆಯೇ ನುಂಗುತ್ತದೆ, ಆಳಕ್ಕೆ ಇಳಿಯುವುದು ನೀಲಿ ಮಾತ್ರ, ಹವಳ ಅದನ್ನೇ ನಂಬಿ ಬದುಕುತ್ತದೆ ಎಂದು ಅರ್ಧ ಗಂಟೆ ವಿವರಿಸಿದರು. ಅಂದರೆ ತಪ್ಪು ನನ್ನದೇ. ಒಪ್ಪಿಕೊಳ್ಳಬೇಕು ಎಂದುಕೊಳ್ಳುವಷ್ಟರಲ್ಲಿ ಎಲ್ಲವನ್ನೂ ಕೇಳುತ್ತ ಕುಳಿತಿದ್ದ ಹೆಡ್‌ಮಾಸ್ತರರು ತಮ್ಮ ಉಂಗುರದ ಬೆರಳನ್ನು ನನ್ನ ಮುಂದೆ ಚಾಚಿದರು.

"ಇದೂ ಹವಳಾನ ನೋಡ್ರಿ. ಇಪ್ಪತ್ತ ವರ್ಷಾತು, ಒಂದ ದಿನಾನೂ ದೀಪಾ ಕೇಳಿಲ್ಲ."

೪. ಬೋಗುಣಿ ತುಂಬ ಪಾಚಿ

ಅಂದು ಮನೆಗೆ ಬಂದರೆ ಇವರು ಟ್ಯಾಂಕಿನ ಮುಂದೆ ಸ್ಟೂಲು ಹಾಕಿಕೊಂಡು, ಚಹಾ ಆರಿಹೋಗಿದ್ದರೂ ನೋಡದೆ, ಸಣ್ಣ ಬ್ರಷ್ಷಿನಿಂದ ಹವಳದ ಸುತ್ತಲಿನ ಪಾಚಿ ತೆಗೆಯುತ್ತಿದ್ದರು. ಫೌಂಡ್ರಿಯಲ್ಲಿ ನಲವತ್ತು ಮಂದಿಗೆ ಕೇಳುವಂತೆ ಗದರಿಸುವ ಮನುಷ್ಯ ಅಷ್ಟು ಮೆಲ್ಲಗೆ ಕೈಯಾಡಿಸುವುದನ್ನು ಕಂಡು ನನ್ನ ಸಿಟ್ಟೆಲ್ಲ ಇಳಿಯಿತು. ರಾಜಿಯಾದೆವು. ಸಂಜೆ ಆರರವರೆಗೆ ಮಂದ ಬಿಳಿ, ಆರಕ್ಕೆ ನೀಲಿ. ತನ್ನಿಂದ ತಾನೇ ಬದಲಾಗುವಂತೆ ಇವರು ಮೊಬೈಲಿನಲ್ಲಿ ಹೊತ್ತು ಹಾಕಿಟ್ಟರು. ಹವಳ ಮತ್ತೆ ಅರಳತೊಡಗಿತು.

ಕೆರೆದ ಪಾಚಿ ಒಂದು ಬೋಗುಣಿ ತುಂಬ ಆಗಿತ್ತು. ಚೆಲ್ಲಲು ಎತ್ತಿಕೊಂಡೆ. ಅತ್ತೆ ತಡೆದು, ಮೂಸಿ ನೋಡಿ, "ಚೆಲ್ಲಬ್ಯಾಡ, ಪಲ್ಯಾ ಮಾಡಾಕ ಬರತೈತೇನ ನೋಡೂಣು. ಉಪ್ಪ ಹಾಕೂ ಕೆಲಸಾರೆ ಉಳೀತು," ಎಂದರು.

೫. ರಾಹುಕಾಲ

ಖಾನಾಪುರದವರು ಭಾನುವಾರ ನಾಲ್ಕಕ್ಕೆ ಬರುತ್ತೇವೆ ಎಂದರು. ನಾಲ್ಕಕ್ಕೆ ಬಂದರೆ ಐದೂವರೆಗೆ ಎದ್ದು ಹೋಗುತ್ತಾರೆ, ಅಲ್ಲಿಯವರೆಗೆ ಬಿಳಿಯೇ ಇರುತ್ತದೆ ಎಂದು ನಾನು ನಿಶ್ಚಿಂತಳಾಗಿದ್ದೆ. ಮೈದುನ ಆ ಬೆಳಿಗ್ಗೆಯೇ ಗೋವಾದಿಂದ ಬಂದಿಳಿದ.

ಅವರ ಗಾಡಿ ನಮ್ಮ ಬಾಗಿಲಿಗೆ ಬಂದದ್ದು ನಾಲ್ಕೂ ಮೂವತ್ತೈದಕ್ಕೆ. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ಗಾಡಿಯಲ್ಲಿದ್ದ ಹುಡುಗಿಯ ಅಜ್ಜಿ, ಆರಾಗುವ ತನಕ ಯಾರೂ ಹೊಸಿಲು ತುಳಿಯಕೂಡದು ಎಂದುಬಿಟ್ಟರು. ಎಂಟು ಮಂದಿ ಗಾಡಿಯಲ್ಲೇ ಕುಳಿತರು. ನಾವೆಲ್ಲ ಓಣಿಯಲ್ಲಿ ಗಾಡಿಯ ಸುತ್ತ ನಿಂತು ಅಲ್ಲಿಗೇ ನೀರು ಕೊಟ್ಟು, ಹವೆಯ ವಿಷಯ, ಬಸ್ಸಿನ ವಿಷಯ ಮಾತಾಡಿದೆವು. ದೀಪದ ನೆನಪು ಯಾರಿಗೂ ಬರಲಿಲ್ಲ. ಆರಾದ ಕೂಡಲೇ ಅಜ್ಜಿ ಬಲಗಾಲಿಟ್ಟು ಒಳಗೆ ಬಂದರು. ಆರಾದ ಕೂಡಲೇ ದೀಪವೂ ನೀಲಿಯಾಯಿತು.

ಹುಡುಗಿಯ ತಂದೆಯ ಬಿಳಿ ಅಂಗಿ, ಬಿಳಿ ಟೋಪಿ ಫಳಫಳ ಹೊಳೆಯತೊಡಗಿದವು. ಅವರು ಒಮ್ಮೆ ತಮ್ಮ ಮೈ ನೋಡಿಕೊಂಡು ಟೋಪಿ ಸರಿಮಾಡಿಕೊಂಡರು. ಆಗ ಮೈದುನ ಮುಂದೆ ಬಂದು ಕೈಮುಗಿದು ನಕ್ಕ. ಹಲ್ಲೆಲ್ಲ ಹೊಳೆದವು, ಮುಂದಿನ ಎರಡು ಬಿಟ್ಟು. ಅಲ್ಲಿ ಬರೀ ಕಪ್ಪು ಕಿಂಡಿ. ಹಿಂದೊಮ್ಮೆ ಬೈಕಿನಿಂದ ಬಿದ್ದು ಕಟ್ಟಿಸಿಕೊಂಡ ಹಲ್ಲು ಅವು. ಹುಡುಗಿಗೆ ಅವನು ಮೊದಲ ಭೇಟಿಯಲ್ಲೇ ಹೇಳಿದ್ದನಂತೆ. ಹಿರಿಯರಿಗೆ ಯಾರೂ ಹೇಳಿರಲಿಲ್ಲ.

ಹುಡುಗಿಯ ಸೋದರಮಾವ ಎದ್ದು ಹತ್ತಿರ ಬಂದು ಬಗ್ಗಿ ನೋಡಿದರು. "ಖಾನಾಪುರಕ್ಕ ಬಂದಾಗ ಹಲ್ಲ ಇದ್ದುವಲ್ಲರಿ?"

ಈ ಸಂಬಂಧವೂ ಹೋಯಿತು ಎಂದುಕೊಂಡೆ. ಅತ್ತೆ ಕಣ್ಣು ಮುಚ್ಚಿದರು. ಇವರು ಮಾತ್ರ ಹುರುಪಿನಿಂದ ಮುಂದೆ ಬಂದರು. ಆ ಬೆಳಕಿನ ವಿಷಯ ಯಾರಾದರೂ ಕೇಳಲಿ ಎಂದೇ ಕಾದಿದ್ದ ಮನುಷ್ಯ.

"ಹಲ್ಲ ಅದಾವ್ರಿ ಮಾಮಾ. ಈ ನೀಲಿ ಬೆಳಕಿನಾಗ ಹುಟ್ಟಿದ ಹಲ್ಲ ಹೊಳೀತಾವ, ಕಟ್ಟಿಸಿದ್ದು ಕರ್ರಗ ಕಾಣತಾವ. ಇಲ್ಲೆ ಕುಂತವರ ಬಾಯಾಗ ಯಾವ್ದು ಖರೇದು, ಯಾವ್ದು ಹಾಕಿಸಿದ್ದು ಅಂತ ನಾ ಕುಂತಲ್ಲೇ ಹೇಳ್ತೇನಿ."

ಸೋದರಮಾವ ತಟ್ಟನೆ ತುಟಿ ಬಿಗಿದು ಹೋಗಿ ಕುಳಿತರು. ಹುಡುಗಿಯ ತಂದೆ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಅಡ್ಡ ಹಿಡಿದರು. ಅತ್ತೆ ಸೆರಗನ್ನು ಬಾಯಿಗೆ ಎಳೆದುಕೊಂಡರು. ಬೀಗರು ಬರುವ ದಿನ ಮಾತ್ರ ಡಬ್ಬಿಯಿಂದ ತೆಗೆದು ಹಲ್ಲಿನ ಇಡೀ ಸೆಟ್ಟನ್ನೇ ಹಾಕಿಕೊಳ್ಳುವ ಮಾವನವರು ಜಂತಿ ಎಣಿಸತೊಡಗಿದರು. ಬಿಳಿ ದೀಪ ಹಚ್ಚಿ ಎಂದು ಒಬ್ಬರು ಹೇಳಿದ್ದರೆ ಎಲ್ಲರ ಮಾನ ಉಳಿಯುತ್ತಿತ್ತು. ಹೇಳಲು ಯಾರಾದರೂ ಬಾಯಿ ತೆರೆಯಬೇಕಲ್ಲ. ನಾನು ಇವರಿಗೆ ಕಣ್ಸನ್ನೆ ಮಾಡಿದೆ. ಇನ್ನೂ ಹೇಳಿ ಅನ್ನುತ್ತಿದ್ದೇನೆ ಎಂದು ತಿಳಿದು ಇವರು ಹವಳದ ಊಟ, ನಿದ್ದೆ, ಸಂತಾನ ಎಲ್ಲ ವರ್ಣಿಸಿದರು. ಇವರ ಮಾತನ್ನು ಯಾರೂ ನಡುವೆ ತಡೆಯದೆ ಕೇಳಿದ್ದು ಅದೇ ಮೊದಲು.

ಆಮೇಲೆ ಮಾತುಕತೆಗೆ ಕುಳಿತರು. ಹಿಂದಿನ ಮೂರೂ ಮುರಿದದ್ದು ಇಲ್ಲಿಯೇ. ಹುಡುಗಿಯ ತಂದೆ ಖಾನಾಪುರದ ದಿಕ್ಕಿಗೆ ಬೆರಳು ತೋರಿಸಿದರು. ಬೆಳಗಾವಿ ಬಿಟ್ಟು ಬೇರೆಲ್ಲೂ ಮದುವೆ ಮಾಡುವುದಿಲ್ಲ ಎಂದು ಮೂರು ಸಲ ಕೂಗಾಡಿದ್ದ ಮಾವನವರು ತಲೆಯಾಡಿಸಿದರು. ಮಾವನವರು ನಮ್ಮ ಕಡೆಯಿಂದ ಮೂರು ನೂರು ಮಂದಿ ಎಂದು ಮೂರು ಬೆರಳು ಎತ್ತಿದರು. ಸೋದರಮಾವ ತಲೆಯಾಡಿಸಿದರು. ತಟ್ಟೆಯಲ್ಲಿಟ್ಟ ಕುಂದಾ ಯಾರೂ ಮುಟ್ಟಲಿಲ್ಲ.

ಹುಡುಗಿಯ ಅಜ್ಜಿಗೆ ಮಾತ್ರ ಅಂಜಿಕೆ ಇರಲಿಲ್ಲ. ಅವರ ಬಾಯಲ್ಲಿ ಖರೇ ಹಲ್ಲೂ ಇರಲಿಲ್ಲ, ಹಾಕಿಸಿದ್ದೂ ಇರಲಿಲ್ಲ. ಕುಂದಾ ಚಪ್ಪರಿಸುತ್ತ ಎರಡೂ ಕಡೆಯವರನ್ನು ನೋಡಿ ಅವರು ತೀರ್ಪು ಕೊಟ್ಟರು.

"ನಾ ಎಷ್ಟೋ ಮಾತುಕತಿಗೆ ಕುಂತೇನಿ. ಗಂಡಿನ ಕಡಿಯವರು ಬಾಯಿ ಮುಚ್ಚಿಕೊಂಡು ಕುಂತದ್ದು ಎಲ್ಲೂ ನೋಡಿಲ್ಲ. ಇಂಥಾ ಮನಿ ಮತ್ತ ಸಿಗಂಗಿಲ್ಲ, ಹುಡುಗೀನ ಕೊಟ್ಟ ಬಿಡ್ರಿ."

ಎಲ್ಲರೂ ತಲೆಯಾಡಿಸಿದರು. ಲಗ್ನ ನಿಶ್ಚಯವಾಯಿತು.

ಅವರನ್ನು ಕಳಿಸಿ ಬಂದ ಮೇಲೆ ಇವರು ನನ್ನನ್ನು ಕೇಳಿದರು. "ಅವರದೆಲ್ಲ ಇರ್ಲಿ, ನೀ ಯಾಕ ಒಂದ ಮಾತೂ ಆಡಲಿಲ್ಲ?"

ನಾನು ಟ್ಯಾಂಕಿನ ಎದುರಿಗೇ ನಿಂತಿದ್ದೆ. ಬಾಯಿ ತೆರೆಯದೆ ಅಡುಗೆಮನೆಯ ಕಡೆ ಕೈ ತೋರಿಸಿದೆ, ಅಲ್ಲಿ ಬನ್ನಿ ಹೇಳುತ್ತೇನೆ ಎಂದು. ಟ್ಯಾಂಕು ಬಂದಾಗಿನಿಂದ ಪಡಸಾಲೆಯಲ್ಲಿ ನಾನು ನಗುವಂಥದ್ದೇನೂ ನಡೆದಿರಲಿಲ್ಲ, ಅದು ನನ್ನ ಪುಣ್ಯ. ಹದಿನಾಲ್ಕು ವರ್ಷದ ಹಿಂದೆ ಇವರು ನನ್ನನ್ನು ನೋಡಲು ಗೋಕಾಕಕ್ಕೆ ಬಂದಿದ್ದಾಗ ನಮ್ಮ ಮನೆಯಲ್ಲಿ ಹಚ್ಚಿದ್ದು ಬಿಳಿ ಟ್ಯೂಬ್‌ಲೈಟು.